ಕೊಟ್ಟ ತಲಾಂತಿನ ಲೆಕ್ಕ

ಧಾರವಾಡದ ಜಿಟಿಜಿಟಿ ಮಳೆಯನ್ನು ಉಂಡವರೇ ಬಲ್ಲರು. ಬೆಳಿಗ್ಗೆ ಹಿಡಿದರೆ ರಾತ್ರಿಯಾದರೂ ಬಿಡುವುದಿಲ್ಲ; ಜೋರಾಗಿ ಹೊಯ್ದು ಒಮ್ಮೆಲೇ ಮುಗಿಯುವುದೂ ಇಲ್ಲ. ಅಂತಹ ಒಂದು ಭಾನುವಾರದ ಸಂಜೆ ಕೊಡೆಯ ನೀರನ್ನು ಕಟ್ಟೆಯ ಮೇಲೆಯೇ ಕೊಡವಿ, ಚಪ್ಪಲಿ ಬಿಟ್ಟು ಹಿರಿಯರೊಬ್ಬರು ನಮ್ಮ ಮನೆಯ ಪಡಸಾಲೆಗೆ ಬಂದರು. ಹುಬ್ಬಳ್ಳಿಯ ರೈಲ್ವೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದವರು. ತಮ್ಮ ಕ್ರೈಸ್ತ ಸಭೆಯಲ್ಲಿ ಹಿರಿಯರೆಂದು ಮನ್ನಣೆ ಪಡೆದವರು. ಅವರ ಮಗ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿ. ಹಳಗನ್ನಡದ ಪದ್ಯವನ್ನು ಹಲಗೆಯ ಮೇಲೆ ಬರೆದರೆ ನಾನು ಬಿಡಿಸುವ ಮೊದಲೇ ಅನ್ವಯ ಹೇಳಬಲ್ಲ ಹುಡುಗ. ಇಂತಹ ವಿದ್ಯಾರ್ಥಿ ಹತ್ತು ವರ್ಷಕ್ಕೊಬ್ಬ ಸಿಕ್ಕರೆ ಅಧ್ಯಾಪಕನ ಪುಣ್ಯ.

ಚಹದ ಬಟ್ಟಲು ಆರುವವರೆಗೂ ಅವರು ಮಳೆಯ ಮಾತನ್ನೇ ಆಡಿದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

“ಸರ, ನಿಮಗೊಂದು ಮಾತು ಕೇಳಬೇಕಂತ ಬಂದೇನ್ರಿ. ಈ ಹುಡುಗ ಹುಟ್ಟಿದಾಗ ಭಾಳ ಜಡ್ಡಾಗಿತ್ರಿ. ಉಳಿಸಿಕೊಟ್ರ ನಿನ್ನ ಸೇವಾಕ್ಕ ಬಿಡತೀವಿ ಅಂತ ನಾನೂ ಅವರ ಅವ್ವನೂ ದೇವರಿಗೆ ಮಾತು ಕೊಟ್ಟೀವಿ. ಈಗ ನೋಡಿದ್ರ ಅವ ಕನ್ನಡ ಎಂ. ಎ. ಮಾಡತೀನಿ ಅಂತಾನ. ಓದೂದು ಬ್ಯಾಡ ಅನ್ನೂದಿಲ್ಲ. ಆದ್ರ ದೇವರು ಕೊಟ್ಟ ತಲಾಂತು ಅದು. ಪಂಪನ್ನ ಓದಿಕೋತ, ವಚನಾ ಓದಿಕೋತ ಕುಂತ್ರ ಅದನ್ನ ಮಣ್ಣಾಗ ಹುಗದಂಗ ಆಗೂದಿಲ್ಲೇನ್ರಿ?”

ನಾನು ಆ ಸಭೆಯವನಲ್ಲ; ಅವರ ಮನೆಯ ಹರಕೆಯಲ್ಲಿ ಬಾಯಿ ಹಾಕುವ ಅಧಿಕಾರವೂ ನನಗಿಲ್ಲ. ಆದರೂ ಅವರು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಥಟ್ಟನೆ ಉತ್ತರ ಹೊಳೆಯಲಿಲ್ಲ. “ಒಂದು ವಾರ ಅವಕಾಶ ಕೊಡಿರಿ, ಮುಂದಿನ ಭಾನುವಾರ ಮಾತಾಡೋಣ,” ಎಂದೆ. ಆ ಒಂದು ವಾರದ ವಿಚಾರವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಇಂತಹ ಪ್ರಶ್ನೆ ಒಂದು ಮತದವರಿಗೆ ಮಾತ್ರ ಬರುವಂಥದಲ್ಲ; ಬೆಳೆದ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಅದು ತಲೆಯೆತ್ತುವುದು.

ಮೂವರು ಆಳುಗಳು

ಹಿರಿಯರು ನೆನೆದ ತಲಾಂತಿನ ಕಥೆ ಮತ್ತಾಯನು ಬರೆದ ಸುವಾರ್ತೆಯಲ್ಲಿದೆ. ಯೇಸು ತನ್ನ ಶಿಷ್ಯರಿಗೆ ಹೇಳಿದ ಸಾಮತಿಗಳಲ್ಲಿ ಅದೊಂದು. ದೂರದೇಶಕ್ಕೆ ಹೊರಟ ಧಣಿಯೊಬ್ಬನು ತನ್ನ ಆಳುಗಳನ್ನು ಕರೆದು ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತನ್ನು ಒಪ್ಪಿಸಿದನು. ಅವರವರ ಯೋಗ್ಯತೆ ನೋಡಿ ಕೊಟ್ಟನು. ಮೊದಲಿನ ಇಬ್ಬರು ಅದನ್ನು ವ್ಯಾಪಾರಕ್ಕೆ ಹಾಕಿ ಇಮ್ಮಡಿ ಮಾಡಿದರು. ಮೂರನೆಯವನು ನೆಲ ಅಗೆದು ಹೂತಿಟ್ಟನು. ಬಹುಕಾಲದ ಮೇಲೆ ಧಣಿ ಬಂದು ಲೆಕ್ಕ ಕೇಳಿದಾಗ ಇಬ್ಬರಿಗೆ ಮೆಚ್ಚುಗೆ ದೊರೆಯಿತು; ಮೂರನೆಯವನಿಗೆ ಕೊಟ್ಟದ್ದೂ ಕೈತಪ್ಪಿತು.

ತಲಾಂತು ಎಂಬುದು ಮೊದಲಿಗೆ ಒಂದು ತೂಕದ ಹೆಸರು. ಅಷ್ಟು ತೂಕದ ಬೆಳ್ಳಿಗೂ ಅದೇ ಹೆಸರು. ಒಂದು ತಲಾಂತು ಬೆಳ್ಳಿಯೆಂದರೆ ಅಂದಿನ ಕೂಲಿಯಾಳಿನ ಸುಮಾರು ೬,೦೦೦ ದಿನಗಳ ದುಡಿಮೆ. ವರ್ಷಕ್ಕೆ ೩೦೦ ದಿನ ಕೆಲಸ ಸಿಕ್ಕಿತೆಂದರೂ ೨೦ ವರ್ಷದ ಸಂಬಳವಾಯಿತು. ಆದುದರಿಂದ ಒಂದೇ ತಲಾಂತು ಪಡೆದವನೇನೂ ಬಡವನಲ್ಲ. ಅವನ ಅಂಗೈಯಲ್ಲಿ ಒಂದು ಬಾಳಿನ ದುಡಿಮೆಯೇ ಇದ್ದಿತು. ಇಂಗ್ಲಿಷಿನಲ್ಲಿ ಪ್ರತಿಭೆಗೆ ‘ಟ್ಯಾಲೆಂಟ್’ ಎಂದು ಹೇಳುವ ರೂಢಿ ಹುಟ್ಟಿದ್ದು ಈ ಕಥೆಯಿಂದಲೇ. ಹಣದ ತೂಕವನ್ನು ಸೂಚಿಸುತ್ತಿದ್ದ ಶಬ್ದವು ಬುದ್ಧಿಯ, ಕಲೆಯ, ಕೈಗುಣದ ಹೆಸರಾಯಿತು.

ಈ ಕಥೆಯಲ್ಲಿ ನನ್ನನ್ನು ಯಾವಾಗಲೂ ಕಾಡುವವನು ಮೂರನೆಯ ಆಳು. ಅವನು ಕದ್ದವನಲ್ಲ, ಕುಡಿದು ಕಳೆದವನಲ್ಲ, ಜೂಜಾಡಿದವನಲ್ಲ. ಕೊಟ್ಟದ್ದನ್ನು ಕೊಟ್ಟಹಾಗೆಯೇ ಒಪ್ಪಿಸಿದನು. ನಮ್ಮ ಕಚೇರಿಗಳ ಲೆಕ್ಕ ತಪಾಸಣೆಯವರು ಇಂಥವನಿಗೆ ಪ್ರಾಮಾಣಿಕನೆಂದು ಬರೆದುಕೊಟ್ಟಾರು! ಆದರೆ ಕಥೆಯ ಧಣಿ ಅವನನ್ನು ನಂಬಿಗಸ್ತನೆಂದು ಎಣಿಸಲಿಲ್ಲ. ಏಕೆ? ಅವನನ್ನು ಆಳಿದ್ದು ಭಯ. ಧಣಿ ಕಠಿಣನೆಂಬ ಭಯ, ಹಣ ಕಳೆದೀತೆಂಬ ಭಯ, ತಪ್ಪು ತನ್ನ ತಲೆಗೆ ಬಂದೀತೆಂಬ ಭಯ. ಕಾಪಾಡುವುದನ್ನೇ ಅವನು ನಂಬಿಕೆ ಎಂದುಕೊಂಡನು.

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ, ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆಯಲ್ಲಿ ಕುಳಿತ ಬಂಡವಾಳ ಬಂಡವಾಳವಲ್ಲ. ಅದು ಕೈಯಿಂದ ಕೈಗೆ ಹೋದಾಗಲೇ ನಾಲ್ಕು ಮನೆಗಳಲ್ಲಿ ಒಲೆ ಹೊತ್ತುವುದು. ಹಾಗಾದರೆ ಹಿರಿಯರ ಪ್ರಶ್ನೆ ಮತ್ತೊಂದು ರೂಪ ತಾಳಿತು. ಬುದ್ಧಿಯನ್ನು ದೇವರ ಹೆಸರಿನ ಕೆಲಸಕ್ಕೆ ಹಚ್ಚುವುದು ಮಾತ್ರ ವ್ಯಾಪಾರಕ್ಕೆ ಹಾಕಿದಂತೆಯೋ? ಭಾಷೆ, ಕಾವ್ಯ, ಗದ್ದಲವಿಲ್ಲದ ವಿದ್ವತ್ತು, ಇವುಗಳಿಗೆ ಹಚ್ಚಿದರೆ ಹೂತಂತೆಯೋ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಧಾರವಾಡವೇ ಎರಡು ಬಾಳುಗಳನ್ನು ಉತ್ತರವಾಗಿ ಇಟ್ಟುಕೊಂಡಿದೆ.

ಶಬ್ದಗಳ ಬೆನ್ನು ಹತ್ತಿದ ಪಾದ್ರಿ

ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯು ೧೮೩೪ರಲ್ಲಿ ಮಂಗಳೂರಿಗೆ ತನ್ನ ಪಾದ್ರಿಗಳನ್ನು ಕಳಿಸಿತು. ಮೂರು ವರ್ಷಗಳಲ್ಲಿ ಅವರು ಘಟ್ಟ ಹತ್ತಿ ಧಾರವಾಡಕ್ಕೆ ಬಂದರು; ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆ ಹಾಕಿದರು. ಅವರು ಬಂದದ್ದು ತಮ್ಮ ಮತವನ್ನು ಸಾರಲಿಕ್ಕೆ; ಅದನ್ನು ಮರೆಮಾಚಿ ಹೇಳಬೇಕಾದುದಿಲ್ಲ. ಆದರೆ ಜನರಿಗೆ ಮಾತು ಮುಟ್ಟಬೇಕಾದರೆ ಜನರ ಮಾತು ತನಗೆ ಮೊದಲು ಮುಟ್ಟಬೇಕಲ್ಲವೇ? ಆ ಅವಶ್ಯಕತೆಯೇ ಅವರಲ್ಲಿ ಕೆಲವರನ್ನು ಕನ್ನಡದ ಬಾಗಿಲಿಗೆ ತಂದಿತು. ಕೆಲವರು ಹೊಸ್ತಿಲಲ್ಲೇ ನಿಂತರು. ಒಬ್ಬರು ಮಾತ್ರ ಒಳಮನೆಯವರೆಗೂ ನಡೆದರು. ಅವರೇ ಫರ್ಡಿನಾಂಡ್ ಕಿಟೆಲ್.

ಜರ್ಮನಿಯ ಉತ್ತರದ ಕಡಲಂಚಿನ ನಾಡಿನಲ್ಲಿ ೧೮೩೨ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಕಿಟೆಲ್ಲರು ೧೮೫೩ರಲ್ಲಿ ನಮ್ಮ ದೇಶಕ್ಕೆ ಬಂದರು. ಹೊಸ ತರುಣ ಪಾದ್ರಿಗೆ ಧಾರವಾಡದ ಸೀಮೆಯೇ ಮೊದಲಿನ ಶಾಲೆಯಾಯಿತು. ಹಳೆಯ ಯುರೋಪಿನ ಭಾಷೆಗಳನ್ನು ಬಲ್ಲ ಆ ಕಿವಿಗೆ ಕನ್ನಡದ ಸೊಗಸು ತಾನಾಗಿ ಹಿಡಿಯಿತು. ೧೮೬೨ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಧಾಟಿಯಲ್ಲೇ ಹಾಡಾಗಿ ಕಟ್ಟಿದರು. ಇದು ಪಾದ್ರಿಯ ಕೆಲಸವೆಂದು ಯಾರೂ ಒಪ್ಪುವರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ೧೮೭೨ರಲ್ಲಿ ಜೈನನಾದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು.

ಇಲ್ಲಿ ತುಸು ನಿಂತು ವಿಚಾರಿಸಬೇಕು. ಒಬ್ಬ ಕ್ರೈಸ್ತ ಪಾದ್ರಿಗೆ ಹದಿಮೂರನೆಯ ಶತಮಾನದ ಜೈನನ ವ್ಯಾಕರಣದಿಂದ ಏನಾಗಬೇಕು? ಧಾತುಪಾಠವನ್ನು ಓದಿ ಯಾರೂ ಮತ ಬದಲಿಸುವುದಿಲ್ಲ. ಕಂದಪದ್ಯದ ಮಾತ್ರೆ ಎಣಿಸುವುದರಿಂದ ಸಭೆಗೆ ಒಬ್ಬನೂ ಹೆಚ್ಚುವುದಿಲ್ಲ. ಸಭೆ ಕಟ್ಟುವುದೇ ಮೊದಲ ಕರ್ತವ್ಯವೆಂದು ತಿಳಿದ ಸಂಸ್ಥೆಯಲ್ಲಿ ಇಂತಹ ವಿದ್ವತ್ತಿಗೆ ಸುಲಭವಾದ ಎಡೆ ದೊರೆಯುವುದು ಕಷ್ಟ. ಊರಿನ ಜನರಲ್ಲಿ ಊರಿನವನಾಗಿ ಬೆರೆಯಬೇಕೆಂದಿದ್ದ, ತಾಳೆಯೋಲೆಗಳ ನಡುವೆ ಹೊತ್ತು ಕಳೆಯುತ್ತಿದ್ದ ಈ ಮನುಷ್ಯ ತನ್ನ ಬಳಗದಲ್ಲಿಯೇ ಹಲವರಿಗೆ ಒಗಟಾಗಿ ಕಂಡಿರಬೇಕು.

ಆದರೂ ಅವರು ಬಿಡಲಿಲ್ಲ. ಸುಮಾರು ೨೦ ವರ್ಷಗಳ ಪರಿಶ್ರಮದ ಫಲವಾಗಿ ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಿದ್ದಿತು. ೧,೭೦೦ಕ್ಕೂ ಮಿಕ್ಕಿದ ಪುಟಗಳು, ಸುಮಾರು ೭೦,೦೦೦ ಶಬ್ದಗಳು! ಬರಿಯ ಅರ್ಥ ಕೊಟ್ಟು ಕೈತೊಳೆದುಕೊಂಡ ಕೋಶವಲ್ಲ ಅದು. ಅನೇಕ ಶಬ್ದಗಳಿಗೆ ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ನೆಂಟರನ್ನು ಹುಡುಕಿದ್ದಾರೆ. ಯಾವ ಕಾವ್ಯದಲ್ಲಿ ಆ ಶಬ್ದ ಬಂದಿದೆಯೆಂದು ತೋರಿಸಿದ್ದಾರೆ. ಅಜ್ಜಿಯರ ಬಾಯಲ್ಲಿದ್ದ ಗಾದೆಗಳನ್ನು ಪೋಣಿಸಿದ್ದಾರೆ. ಕವಿಚಕ್ರವರ್ತಿಯ ಪದವೂ ಒಕ್ಕಲಿಗನ ಪದವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ನಿಘಂಟು ಹೊರಬಿದ್ದ ಎರಡು ವರ್ಷಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ೧೯೦೩ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲೇ ತೀರಿಕೊಂಡರು. ಮುಂದೆ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿ ಮದರಾಸು ವಿಶ್ವವಿದ್ಯಾಲಯದಿಂದ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದರು. ಧಾರವಾಡದಲ್ಲಿ ಕಿಟೆಲ್ಲರ ಹೆಸರಿನ ಕಾಲೇಜು ಇದೆ. ಇಂದಿಗೂ ಹಳಗನ್ನಡದ ಒಂದು ಪದ ಅಡ್ಡ ನಿಂತಿತೆಂದರೆ ನನ್ನಂಥ ಅಧ್ಯಾಪಕನು ಮೊದಲು ಕೈಚಾಚುವುದು ಆ ದಪ್ಪ ಪುಸ್ತಕಕ್ಕೆ. ಎಷ್ಟು ಜನರನ್ನು ಅವರು ತಮ್ಮ ಮತಕ್ಕೆ ತಂದರೆಂದು ಯಾರೂ ಇಂದು ಕೇಳುವುದಿಲ್ಲ. ಆದರೆ ಜೈನನೂ ವೈಷ್ಣವನೂ ಲಿಂಗಾಯತನೂ ಮುಸಲ್ಮಾನನೂ ಅವರ ಬಡ್ಡಿಯನ್ನು ಉಣ್ಣುತ್ತಿದ್ದಾರೆ.

ಹೆಸರಿಲ್ಲದ ಕೈಗಳು

ಹೀಗೆ ಹೇಳುವಾಗ ಒಂದು ಎಚ್ಚರಿಕೆ ಬೇಕು. ದೊಡ್ಡ ಹೆಸರುಗಳನ್ನಷ್ಟೇ ನೋಡಿದರೆ ಐದು ತಲಾಂತಿನವರ ಕಥೆಯನ್ನು ಮಾತ್ರ ಓದಿದಂತಾಗುವುದು. ಕಿಟೆಲ್ಲರ ಮಗ್ಗುಲಲ್ಲಿ ಕುಳಿತು ಹಳೆಯ ಪ್ರತಿಗಳ ಗಂಟು ಬಿಡಿಸಿದ ಪಂಡಿತರಿದ್ದರು. ಗಾದೆ ಹೇಳಿ ನಕ್ಕು ತಮ್ಮ ಹೊಲಕ್ಕೆ ನಡೆದ ರೈತರಿದ್ದರು. ಮುದ್ರಣಾಲಯದಲ್ಲಿ ಕನ್ನಡದ ಒತ್ತಕ್ಷರಗಳನ್ನೂ ರೋಮನ್ ಅಕ್ಷರಗಳನ್ನೂ ಒಂದೊಂದಾಗಿ ಮೊಳೆ ಹೆಕ್ಕಿ ಜೋಡಿಸಿದ ಕೆಲಸಗಾರರಿದ್ದರು. ಸಾವಿರದ ಮೇಲೆ ಏಳುನೂರು ಪುಟ! ಒಂದು ಮೊಳೆ ತಲೆಕೆಳಗಾದರೆ ಶಬ್ದವೇ ಬೇರೆ. ಆ ಕೈಗಳ ಹೆಸರನ್ನು ನಾವಾರೂ ಬಲ್ಲವರಲ್ಲ. ಆದರೆ ಅವರ ಶ್ರದ್ಧೆ ಇಲ್ಲದಿದ್ದರೆ ಕಿಟೆಲ್ಲರ ಪಾಂಡಿತ್ಯವು ಟಿಪ್ಪಣಿಯ ಕಟ್ಟುಗಳಲ್ಲೇ ಗೆದ್ದಲಿಗೆ ಆಹಾರವಾಗುತ್ತಿತ್ತು.

ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಈ ವಿಷಯವನ್ನೇ ಶರೀರದ ಹೋಲಿಕೆಯಿಂದ ತಿಳಿಸಿದ್ದಾನೆ. ವರಗಳು ಬೇರೆಬೇರೆ, ಕೊಡುವ ಆತ್ಮನೊಬ್ಬನೇ ಎಂಬುದು ಅವನ ಅಭಿಪ್ರಾಯ. ಕಣ್ಣು ಕೈಯನ್ನು ಬೇಡವೆನ್ನುವಂತಿಲ್ಲ. ತಲೆ ಕಾಲನ್ನು ಅಲ್ಲಗಳೆಯುವಂತಿಲ್ಲ. ಹೀಗೆ ಬರೆದ ಪೌಲನೇ ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡವನು. ಸೂಜಿ ಹಿಡಿದ ಕೈಗೂ ಪತ್ರ ಬರೆದ ಕೈಗೂ ಅವನಲ್ಲಿ ಜಗಳವಿರಲಿಲ್ಲ. ಕಾಯಕವೇ ಕೈಲಾಸವೆಂಬ ತತ್ತ್ವವನ್ನು ಉಸಿರಾಡಿದ ನಮ್ಮ ನಾಡಿಗೆ ಇದು ಹೊಸ ಮಾತೂ ಅಲ್ಲ. ಈ ಎರಡು ಅರಿವುಗಳನ್ನು ಒಂದೇ ಎದೆಯಲ್ಲಿ ಇಟ್ಟುಕೊಂಡು ಬಾಳಿದವರೊಬ್ಬರು ಧಾರವಾಡದಲ್ಲಿಯೇ ಹುಟ್ಟಿದರು.

ತಿರುಳ್ಗನ್ನಡದ ತಿರುಕ

ಉತ್ತಂಗಿ ಚೆನ್ನಪ್ಪನವರು ೧೮೮೧ರ ಅಕ್ಟೋಬರ್ ೨೮ರಂದು ಧಾರವಾಡದ ಕ್ರೈಸ್ತ ಮನೆತನದಲ್ಲಿ ಜನಿಸಿದರು. ಪೂರ್ವಿಕರ ಊರು ಬಳ್ಳಾರಿಯ ಕಡೆಯ ಉತ್ತಂಗಿ. ಅದೇ ಮನೆತನದ ಹೆಸರಾಯಿತು. ಅವರು ಎಂಟು ವರ್ಷದ ಬಾಲಕರಾಗಿದ್ದಾಗ, ೧೮೯೦ರಲ್ಲಿ, ಅದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮರಾಠಿಯ ನೆರಳಿನಲ್ಲಿ ಬಾಡುತ್ತಿದ್ದ ಕನ್ನಡವು ತಲೆಯೆತ್ತಲು ಹವಣಿಸುತ್ತಿದ್ದ ಕಾಲವದು. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ವೇದಶಾಸ್ತ್ರ ಶಾಲೆಯಲ್ಲಿ ಉಪದೇಶಕನ ಶಿಕ್ಷಣ ಪಡೆದು ಚೆನ್ನಪ್ಪನವರು ಉತ್ತರ ಕರ್ನಾಟಕದ ಸಭೆಗಳ ಸೇವೆಗೆ ನಿಂತರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪಾದ್ರಿಗಳು ನಾಡು ಬಿಡಬೇಕಾಗಿ ಬಂದು ಸಭೆಗಳ ಭಾರವು ನಾಡವರ ಹೆಗಲಿಗೆ ಬಿದ್ದಿತು. ಅವರ ತಲೆಮಾರಿಗೆ ಬಿಡುವೆಂಬುದು ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ.

ಅಂತಹ ಬಾಳಿನ ನಡುವೆ ಅವರು ಸರ್ವಜ್ಞನ ಬೆನ್ನು ಹತ್ತಿದರು. ಸರ್ವಜ್ಞನ ತ್ರಿಪದಿಗಳನ್ನು ಅರಿಯದ ಕನ್ನಡಿಗನಿಲ್ಲ. ಆದರೆ ನೂರು ವರ್ಷಗಳ ಹಿಂದೆ ಅವು ಎಲ್ಲಿದ್ದವು? ಒಂದಿಷ್ಟು ಓಲೆಗರಿಗಳಲ್ಲಿ, ಒಂದಿಷ್ಟು ಹಳೆಯ ಕಡತಗಳಲ್ಲಿ, ಬಹುಪಾಲು ಜನರ ನಾಲಗೆಯ ಮೇಲೆ. ಒಂದೂರಿನ ಪಾಠ ಮತ್ತೊಂದೂರಿಗೆ ಕೂಡುತ್ತಿರಲಿಲ್ಲ. ಯಾರೋ ಕಟ್ಟಿದ ಪದಕ್ಕೂ ಸರ್ವಜ್ಞನ ಮುದ್ರೆ ಬೀಳುತ್ತಿತ್ತು. ಚೆನ್ನಪ್ಪನವರು ವರ್ಷಗಟ್ಟಲೆ ಇವನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ, ಜಳ್ಳು-ಗಟ್ಟಿಗಳನ್ನು ತೂರಿ, ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳನ್ನು ೧೯೨೪ರಲ್ಲಿ ಪುಸ್ತಕರೂಪದಲ್ಲಿ ನಾಡಿಗಿತ್ತರು. ತೆಲುಗರ ವೇಮನನಿಗೆ ಸಿ. ಪಿ. ಬ್ರೌನ್ ದೊರೆತಂತೆ ಕನ್ನಡಿಗರ ಸರ್ವಜ್ಞನಿಗೆ ಉತ್ತಂಗಿಯವರು ದೊರೆತರು. ಆದರೆ ಬ್ರೌನನು ಪರದೇಶಿ. ಇವರು ಇದೇ ಮಣ್ಣಿನ ಮಗ.

ಅದೇ ಕಾಲಕ್ಕೆ ಧಾರವಾಡದಲ್ಲಿಯೇ ಹುಟ್ಟಿದ ಇನ್ನೊಬ್ಬರು, ಫ. ಗು. ಹಳಕಟ್ಟಿಯವರು, ಬಿಜಾಪುರದಲ್ಲಿ ವಕೀಲರಾಗಿದ್ದು ವಚನಗಳ ಓಲೆಗರಿಗಳನ್ನು ಹುಡುಕುತ್ತಿದ್ದರು. ಉತ್ತಂಗಿಯವರಿಗಿಂತ ಅವರು ಒಂದೇ ವರ್ಷಕ್ಕೆ ಹಿರಿಯರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಹೊರಬಂದಿತು, ಮರುವರ್ಷವೇ ಸರ್ವಜ್ಞ. ಒಬ್ಬರು ಲಿಂಗಾಯತ ವಕೀಲರು, ಒಬ್ಬರು ಕ್ರೈಸ್ತ ಪಾದ್ರಿಗಳು. ಒಂದು ಊರಿನ ಗಾಳಿಯಲ್ಲಿ ಬೆಳೆದ ಇಬ್ಬರ ಕೈಯಿಂದ ಒಂದು ವರ್ಷದ ಅಂತರದಲ್ಲಿ ನಾಡಿನ ಎರಡು ನಿಕ್ಷೇಪಗಳು ಮಣ್ಣಿನಿಂದ ಮೇಲೆ ಬಂದವು.

ಸರ್ವಜ್ಞನು ಜಾತಿಯ ಹೆಮ್ಮೆಯನ್ನೂ ಪೊಳ್ಳು ಪೂಜೆಯನ್ನೂ ಕೆಣಕಿದವನು. ಆದರೆ ಅವನು ಶೈವ. ಅವನ ಮಾತುಗಳನ್ನು ಕ್ರೈಸ್ತ ಉಪದೇಶಕನು ಏಕೆ ಕಾಪಿಡಬೇಕು? ಈ ಪ್ರಶ್ನೆ ಅಂದು ಸಭೆಯ ಒಳಗೂ ಹೊರಗೂ ಎದ್ದಿದ್ದರೆ ಆಶ್ಚರ್ಯವಿಲ್ಲ. ಇದಕ್ಕೆ ಉತ್ತರದಂತಿರುವ ಒಂದು ಪುಸ್ತಕವನ್ನು ಚೆನ್ನಪ್ಪನವರು ೧೯೨೧ರಲ್ಲೇ ಬರೆದಿದ್ದರು: ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ಹೆಸರನ್ನೇ ನೋಡಬೇಕು. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡಿಸುವುದಿಲ್ಲ, ಸವಾಲು ಹಾಕುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ತನ್ನ ನಂಬಿಕೆಯನ್ನು ಬಿಡದೆ ನೆರೆಯವನ ನಂಬಿಕೆಯೆದುರು ಕೈಮುಗಿದು ನಿಲ್ಲುವ ಮನಸ್ಸು ಆ ಒಂದು ಪದದಲ್ಲಿದೆ.

ಮುಂದಿನ ವರ್ಷಗಳಲ್ಲಿ ಅವರ ಲೇಖನಿ ಶರಣರ ಕಡೆಗೆ ಇನ್ನಷ್ಟು ತಿರುಗಿತು. ಅನುಭವ ಮಂಟಪವೆಂಬುದು ನಿಜವಾಗಿ ಇದ್ದಿತೇ ಎಂಬ ವಿವಾದ ಎದ್ದಾಗ ೧೯೫೧ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಬರೆದು ಅದರ ಪರವಾಗಿ ವಾದ ಮಂಡಿಸಿದರು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ನಿಜಾಮನ ಆಳಿಕೆ ೧೯೪೮ರ ಸೆಪ್ಟೆಂಬರಿನಲ್ಲಿ ಮುಗಿದಿತ್ತು. ಕಲಬುರ್ಗಿಯ ಕನ್ನಡಿಗರು ಆಗಷ್ಟೇ ನಿಟ್ಟುಸಿರು ಬಿಟ್ಟಿದ್ದರು. ಮತದ ಹೆಸರಿನ ಗಾಯ ಮಾಯದ ಆ ನೆಲದಲ್ಲಿ, ಕನ್ನಡದ ಅತ್ಯುನ್ನತ ಪೀಠದ ಮೇಲೆ ಒಬ್ಬ ಕ್ರೈಸ್ತ ಸಭಾಪಾಲಕನನ್ನು ನಾಡು ಕುಳ್ಳಿರಿಸಿತು. ಅವರು ೧೯೬೨ರ ಆಗಸ್ಟ್ ೨೮ರಂದು ತೀರಿಕೊಂಡರು.

ಕನ್ನಡ ನಾಡು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರಿನಿಂದ ಗುರುತಿಸಿತು. ತಿರುಕನೆಂದರೆ ಭಿಕ್ಷುಕ. ತಲಾಂತಿನ ಕಥೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ತಿರುಕನ ಜೋಳಿಗೆಯಲ್ಲಿರುವುದೆಲ್ಲ ಪರರು ನೀಡಿದ್ದು. ನನ್ನದೆಂದು ಬೀಗಲು ಅವನಿಗೆ ಎಡೆಯಿಲ್ಲ. ತಾನೇ ಧಣಿ ಎಂದುಕೊಂಡವನು ಬುದ್ಧಿಯನ್ನು ಮಾರಿಕೊಳ್ಳುತ್ತಾನೆ. ಕಳೆದೀತೆಂದು ಹೆದರಿದವನು ಹೂತಿಡುತ್ತಾನೆ. ಪಡೆದವನೆಂದು ತಿಳಿದವನು ಮಾತ್ರ ಹಂಚಲು ಬಲ್ಲ.

ಸೇವೆಯ ಒರೆಗಲ್ಲು

ಹಾಗೆಂದು, ಮಕ್ಕಳು ಮೆಚ್ಚಿದ್ದೆಲ್ಲವೂ ದೇವರ ವರವೆಂದು ತಾಯಿತಂದೆಗಳು ತಲೆದೂಗಬೇಕೆಂದು ನಾನು ಹೇಳುವವನಲ್ಲ. ಇಂದು ಕೊಳಲು, ನಾಳೆ ಕ್ರಿಕೆಟ್, ನಾಡಿದ್ದು ಕವಿತೆ ಎಂದು ಹಾರುವ ಮನಸ್ಸಿಗೆ ವರವೆಂದು ಹೆಸರಿಡಲಾಗದು. ಕಿಟೆಲ್ಲರ ಎರಡು ದಶಕಗಳನ್ನು, ಉತ್ತಂಗಿಯವರ ಅಲೆದಾಟವನ್ನು ನೋಡಿದರೆ ಕೆಲವು ಗುರುತುಗಳು ತಾವಾಗಿ ಕಾಣುತ್ತವೆ. ವರವಿದ್ದವನು ಬೇಸರದ ದಿನವೂ ಆ ಕೆಲಸಕ್ಕೆ ಮರಳುತ್ತಾನೆ. ಮೆಚ್ಚುವವರಿಲ್ಲದಿದ್ದರೂ ಬಿಡುವುದಿಲ್ಲ. ಕಟ್ಟಕಡೆಗೆ ಅದರ ಬೆಳಕು ತನ್ನ ಮನೆಯ ಗೋಡೆಗೇ ಮುಗಿಯದೆ ನೆರೆಮನೆಯ ಅಂಗಳಕ್ಕೂ ಬೀಳುತ್ತದೆ.

ಇನ್ನೊಂದು ಮಾತು. ವರವು ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ. ಉತ್ತಂಗಿಯವರು ಸರ್ವಜ್ಞನಿಗಾಗಿ ಸಭೆಯನ್ನು ತೊರೆಯಲಿಲ್ಲ. ಕಿಟೆಲ್ಲರು ನಿಘಂಟಿಗಾಗಿ ಪಾದ್ರಿತನವನ್ನು ಕಳಚಿಡಲಿಲ್ಲ. ಪೌಲನು ವರಗಳ ಮಾತನ್ನು ಹೇಳಿದ ಬೆನ್ನಲ್ಲೇ ಪ್ರೀತಿಯ ಮಾತನ್ನು ಎತ್ತಿರುವುದು ಸುಮ್ಮನೆ ಅಲ್ಲ. ಪ್ರೀತಿಯಿಲ್ಲದ ಪ್ರತಿಭೆ ಸದ್ದನ್ನಷ್ಟೇ ಮಾಡೀತು.

ಮುಂದಿನ ಭಾನುವಾರ

ಮಾತಿನಂತೆ ಹಿರಿಯರು ಮರುವಾರ ಬಂದರು. ಈ ಸಲ ಮಗನೂ ಜೊತೆಗಿದ್ದನು. ನಾನು ಹೆಚ್ಚು ಮಾತಾಡದೆ ಕಪಾಟಿನಿಂದ ಕಿಟೆಲ್ ಕೋಶವನ್ನೂ ಉತ್ತಂಗಿಯವರ ಸರ್ವಜ್ಞನನ್ನೂ ತೆಗೆದು ಮೇಜಿನ ಮೇಲಿಟ್ಟೆ. ಇಲ್ಲಿ ಬರೆದುದನ್ನೇ ಚಿಕ್ಕದಾಗಿ ಹೇಳಿದೆ. ಹಿರಿಯರು ಕೋಶದ ಹಾಳೆಗಳನ್ನು ತಿರುವುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬೇರೆಯದೇ ಮಾತು ತೆಗೆದರು.

“ನಮ್ಮ ಗುಡಿಯೊಳಗ ಮೊದಲ ಭಾರಿ ಹಾಡತಿದ್ರ್ರಿ. ಹಳೇ ಧಾಟಿಗಳು ಒಂದ ನಮೂನಿ ಇದ್ವು. ನಮ್ಮಪ್ಪ ನನಗ ಕಲಿಸಿದ್ದ. ಈಗಿನ ಹುಡುಗರಿಗೆ ಒಬ್ಬರಿಗೂ ಬರೂದಿಲ್ಲ.”

“ನೀವು ಯಾರಿಗೆ ಕಲಿಸಿದಿರಿ?” ಎಂದು ನಾನು ಕೇಳಿದೆ. ನೋಯಿಸಬೇಕೆಂದು ಕೇಳಿದ್ದಲ್ಲ. ಆದರೆ ಅವರು ಕೈಯೊಳಗಿನ ಪುಸ್ತಕವನ್ನು ಮುಚ್ಚಿದರು.

“ಯಾರೂ ಕೇಳಲಿಲ್ಲರಿ,” ಎಂದರು. ಸ್ವಲ್ಪ ತಡೆದು, “ನಾನೂ ಕರೀಲಿಲ್ಲ,” ಎಂದರು.

ಹುಡುಗ ತಂದೆಯ ಮುಖವನ್ನು ನೋಡಿ, “ಅಪ್ಪಾ, ನನಗರ ಕಲಸು. ನಾ ಬರಕೋತೀನಿ,” ಎಂದ.

ಅಂದಿನ ಮಾತು ಅಲ್ಲಿಗೇ ಮುಗಿಯಿತು. ಹುಡುಗನು ಎಂ. ಎ. ತರಗತಿಗೆ ಸೇರಿದ್ದಾನೆ. ಹರಕೆಯ ವಿಷಯವನ್ನು ಹಿರಿಯರು ಮತ್ತೆ ನನ್ನೊಡನೆ ಎತ್ತಿಲ್ಲ. ಅದನ್ನು ಅವರೂ ಅವರ ಮನೆಯವರೂ ತಮ್ಮ ದೇವರೊಡನೆ ಮಾತಾಡಿಕೊಂಡಿರಬೇಕು. ಶನಿವಾರ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಏಳೆಂಟು ಮಕ್ಕಳು ಹಳೆಯ ಧಾಟಿಯಲ್ಲಿ ಹಾಡು ಕಲಿಯುತ್ತಾರೆಂದು ಕೇಳಿದ್ದೇನೆ. ಒಬ್ಬ ಕುಳಿತು ಬರೆದುಕೊಳ್ಳುತ್ತಾನಂತೆ.

ಓದುಗರಲ್ಲಿ ಒಂದು ತಪ್ಪೊಪ್ಪಿಗೆ ಉಳಿದಿದೆ. ಅಂದು ಅವರಿಗೆ ನಾನು ಕೇಳಿದ ಪ್ರಶ್ನೆ ರಾತ್ರಿ ನನಗೇ ತಿರುಗಿ ಬಂದಿತು. ನಾನು ಎಂ. ಎ. ಓದುತ್ತಿದ್ದಾಗ ನಮ್ಮ ಅಜ್ಜಿಯ ಬಾಯಿಂದ ಬೀಸುವ ಹಾಡುಗಳನ್ನು ಎರಡು ನೋಟುಬುಕ್ಕುಗಳಲ್ಲಿ ಬರೆದುಕೊಂಡಿದ್ದೆ. ನೌಕರಿ ಸಿಕ್ಕಮೇಲೆ ಅಚ್ಚುಕಟ್ಟಾಗಿ ಪ್ರತಿಮಾಡೋಣವೆಂದು ಟ್ರಂಕಿನಲ್ಲಿಟ್ಟೆ. ನೌಕರಿ ಸಿಕ್ಕಿ ಎಂಟು ವರ್ಷಗಳಾದವು. ಅಜ್ಜಿ ತೀರಿಕೊಂಡು ಐದು. ಹಾಡುಗಳನ್ನು ನಾನು ಕಳೆದಿಲ್ಲ, ಕೊಟ್ಟಹಾಗೆಯೇ ಇವೆ. ಮೂರನೆಯ ಆಳು ಹೇಳಿದ್ದೂ ಇದನ್ನೇ ಅಲ್ಲವೇ?

ಮಳೆ ನಿಂತ ಒಂದು ದಿನ ಟ್ರಂಕನ್ನು ತೆಗೆದೆ. ಹಾಳೆಗಳ ಅಂಚಿಗೆ ಬೂಷ್ಟು ಹತ್ತಿದೆ. ಅಕ್ಷರಗಳು ಇನ್ನೂ ಓದಲು ಬರುತ್ತವೆ. ದಿನಕ್ಕೆರಡು ಪುಟದಂತೆ ಪ್ರತಿಮಾಡಲು ತೊಡಗಿದ್ದೇನೆ.